ಕಮಿಷನ್ ಬಿಟ್ಟು, ಭಾನುವಾರ ಬಿಟ್ಟು ಗ್ಯಾರೇಜ್ ನಡೆಸಿದ್ದು: ನನ್ನ ಅನುಭವ

ಸ್ಪೇರ್ಸ್ ಅಂಗಡಿಯಿಂದ ಕಮಿಷನ್ ತಗೊಳ್ಳದೆ, ಭಾನುವಾರ ಶಟರ್ ಎತ್ತದೆ ದಾವಣಗೆರೆಯಲ್ಲಿ ಬೈಕ್ ಗ್ಯಾರೇಜ್ ನಡೆಯಲ್ಲ ಅಂತ ನನಗೆ ಹೇಳಿದವರ ಪಟ್ಟಿ ದೊಡ್ಡದಿದೆ. ಸ್ಪೇರ್ಸ್ ಅಂಗಡಿಯವರು, ಪಕ್ಕದ ಟೀ ಅಂಗಡಿಯವರು, ನಮ್ಮ ಚರ್ಚಿನವರೇ ಕೆಲವರು. ನನ್ನ ಬಾಮೈದ ಅಂತೂ "ಭಾವ, ಯೇಸುಸ್ವಾಮಿ ಬಡಗಿ ಆಗಿದ್ರು, ಮೆಕ್ಯಾನಿಕ್ ಅಲ್ಲ" ಅಂದುಬಿಟ್ಟ. ಈಗ ಏಳೆಂಟು ವರ್ಷ ಆಗಿರಬೇಕು. ಪಿ.ಬಿ. ರಸ್ತೆ ಹತ್ತಿರ ಅದೇ ಶೆಡ್ಡಿನಲ್ಲಿದ್ದೇನೆ. ಬಾಡಿಗೆ ಬಾಕಿ ಇಲ್ಲ, ಇಬ್ಬರು ಹುಡುಗರಿಗೆ ಸಂಬಳ ಕೊಡುತ್ತಿದ್ದೇನೆ. ಅದಕ್ಕೇ, ಕ್ರೈಸ್ತನಾಗಿ ಗ್ಯಾರೇಜ್ ನಡೆಸಲು ಏನೇನು ಮಾಡಿ ನೋಡಿದೆ ಅಂತ ನಮ್ಮ ಚರ್ಚಿನ, ನಮ್ಮ ಕೆಲಸದ ಜನರಿಗೆ ಧೈರ್ಯವಾಗಿ ಬರೆಯುತ್ತಿದ್ದೇನೆ. ಪ್ರಾರ್ಥನೆ, ಜಪಸರ, ಪಾಪನಿವೇದನೆ ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಮತ್ತೆ ಹೇಳಲ್ಲ.

ನಾನು ಕಂಡುಕೊಂಡದ್ದು ಇಷ್ಟೇ. ಶೋಧನೆ, ಅಂದರೆ ತಪ್ಪು ಮಾಡುವ ಆಸೆ, ಎದುರಿಗೆ ಬಂದು ನಿಂತ ಮೇಲೆ ಯೋಚನೆ ಮಾಡಲು ಹೋದರೆ ನಾನು ಸೋಲುತ್ತೇನೆ. ಗಿರಾಕಿ ಅವಸರದಲ್ಲಿದ್ದಾನೆ, ಕ್ಲಚ್ ಪ್ಲೇಟ್ ಇನ್ನೂ ಐದಾರು ಸಾವಿರ ಕಿಲೋಮೀಟರ್ ಓಡುತ್ತದೆ, ಆದರೆ "ಹೋಗಿದೆ ಸಾರ್" ಅಂದರೆ ಸಾಕು, ಏಳೆಂಟು ನೂರು ಬಂತು. ಆ ಹೊತ್ತಿನಲ್ಲಿ ಕೈ ಜೋಡಿಸಿ ನಿಲ್ಲಲು ಆಗುತ್ತಾ, ಕೈಯೆಲ್ಲ ಗ್ರೀಸ್. ಅದಕ್ಕೆ ಬೆಳಿಗ್ಗೆ ತಲೆ ತಣ್ಣಗಿರುವಾಗಲೇ, ಸುಳ್ಳು ಹೇಳಲು ಜಾಗವೇ ಇರದ ಹಾಗೆ ಗ್ಯಾರೇಜ್ ಜೋಡಿಸಿಕೊಳ್ಳಬೇಕು.

ಮೊದಲು ಕೈ ಹಾಕಿದ್ದು ಹಳೆ ಸಾಮಾನಿಗೆ. ಬಿಚ್ಚಿದ್ದೆಲ್ಲ ಕವರಿಗೆ ಹಾಕಿ ಬಿಲ್ ಜೊತೆ ಗಿರಾಕಿ ಕೈಗೆ ಕೊಡೋದು. ಇದು ಕೆಟ್ಟದಾಗಿ ಕೈ ಕೊಟ್ಟಿತು. "ಈ ಕಸ ನನಗ್ಯಾಕೆ" ಅಂತ ಅಲ್ಲೇ ರಸ್ತೆ ಬದಿ ಎಸೆದು ಹೋಗುತ್ತಿದ್ದರು. ಸವೆದ ಬ್ರೇಕ್ ಶೂ, ಎಣ್ಣೆ ಸೋರುವ ಫಿಲ್ಟರ್, ಎಲ್ಲ ಚರಂಡಿ ಪಾಲು. ಪಕ್ಕದವರು ಜಗಳಕ್ಕೇ ಬಂದರು. ಆಮೇಲೆ ಬೈಕ್ ನಂಬರ್ ಬರೆದ ಟ್ರೇ ಮಾಡಿದೆ. ಹಳೆಯದು ಟ್ರೇಯಲ್ಲಿ ಇರುತ್ತದೆ, ಹೊಸದರ ಖಾಲಿ ಪೊಟ್ಟಣವೂ ಅದರಲ್ಲೇ. ಗಿರಾಕಿ ನೋಡಿದ ಮೇಲೆ ಸಾಮಾನು ಗುಜರಿಗೆ. ಟ್ರೇ ವಿಷಯದಲ್ಲಿ ಇನ್ನೊಂದು ಸಣ್ಣ ಉಪಾಯ ಇದೆ, ಗಿರಾಕಿ ಮರಳಿ ಬರುವುದೇ ಅದರಿಂದ. ನಮ್ಮ ಬೀದಿಯಲ್ಲೇ ಇನ್ನೂ ಮೂರು ಗ್ಯಾರೇಜ್ ಇವೆ, ಹಾಗಾಗಿ ಅದನ್ನು ಇಲ್ಲಿ ಬರೆಯಲ್ಲ, ಕ್ಷಮಿಸಿ.

ಕಮಿಷನ್ ಬಿಡುವುದು ಇದಕ್ಕಿಂತ ಕಷ್ಟವಾಯಿತು. ನೂರಕ್ಕೆ ಹತ್ತೋ ಹದಿನೈದೋ ಸ್ಪೇರ್ಸ್ ಅಂಗಡಿಯಿಂದ ಬರುತ್ತದೆ, ನಿಮಗೂ ಬರುತ್ತಿರಬಹುದು. ನನಗೆ ತಿಂಗಳಿಗೆ ಏಳೆಂಟು ಸಾವಿರ ಆಗುತ್ತಿತ್ತು. ಅದನ್ನು ಗಿರಾಕಿ ಬಿಲ್ಲಿನಲ್ಲೇ ಕಡಿಮೆ ಮಾಡಿ ಅಂದರೆ ಅಂಗಡಿಯವರು ಒಪ್ಪಲಿಲ್ಲ. "ಬೇರೆ ಮೆಕ್ಯಾನಿಕ್‌ಗಳು ನನ್ನ ಅಂಗಡಿಗೆ ಕಾಲಿಡಲ್ಲ ಕಣಣ್ಣ" ಅಂದರು. ಕೊನೆಗೆ ಗಿರಾಕಿಗೆ ಚೀಟಿ ಬರೆದು ಕೊಟ್ಟು, ಸಾಮಾನು ಎಲ್ಲಿ ಬೇಕಾದರೂ ತನ್ನಿ ಅಂದೆ. ನನ್ನದು ಲೇಬರ್ ಮಾತ್ರ, ದರ ಗೋಡೆ ಮೇಲೆ ಬರೆಸಿದ್ದೇನೆ. ಅದೇ ಹೊತ್ತಿಗೆ ಒಂದು ಕಂಪನಿಯ ಹತ್ತು ಹನ್ನೆರಡು ಬೈಕ್ ಕೈ ತಪ್ಪಿದವು. ಸಾವಿರದ ಇನ್ನೂರರ ಕೆಲಸಕ್ಕೆ ಎರಡು ಸಾವಿರದ ಬಿಲ್ ಬೇಕಿತ್ತು ಅವರ ಮನುಷ್ಯನಿಗೆ. ಕೊಡಲಿಲ್ಲ, ಮುಂದಿನ ತಿಂಗಳಿಂದ ಗಾಡಿಗಳೇ ಬರಲಿಲ್ಲ.

ಭಾನುವಾರದ್ದು ಬೇರೆ ಲೆಕ್ಕ. ಕೆಲಸಕ್ಕೆ ಹೋಗುವವರಿಗೆ ಅವತ್ತೇ ಬಿಡುವು, ನಮಗೆ ಅವತ್ತೇ ಸುಗ್ಗಿ. ಮೊದಲು ಅರ್ಧ ದಿನ ಮಾಡಿ ನೋಡಿದೆ, ಬೆಳಿಗ್ಗೆ ಚರ್ಚಿನಲ್ಲಿ ಬಲಿಪೂಜೆ (ಮಾಸ್), ಹತ್ತೂವರೆಗೆ ಗ್ಯಾರೇಜ್. ಫಾದರ್ ಪ್ರಸಂಗ ಮಾಡುತ್ತಿದ್ದರೆ ನನ್ನ ತಲೆಯಲ್ಲಿ ಯಾರದೋ ಪಲ್ಸರ್ ಸೌಂಡ್ ಮಾಡುತ್ತಿತ್ತು. ಪೂರ್ತಿ ಮುಚ್ಚಿದ ಮೇಲೆ ವಾರಕ್ಕೆ ಮೂರೂವರೆ, ನಾಲ್ಕು ಸಾವಿರ ಹೋಯಿತು. ಎಲ್ಲ ಸೇರಿ ತಿಂಗಳಿಗೆ ಕೈಗೆ ಸಿಗುತ್ತಿದ್ದದ್ದು 40 ಸಾವಿರದ ಹತ್ತಿರದಿಂದ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಹೆಂಡತಿಯ ಓಲೆ ಬ್ಯಾಂಕಿಗೆ ಹೋಯಿತು. ಬಾಮೈದ ದಿನಾ ಬಂದು ನನ್ನ ಮುಖ ನೋಡಿ ಹೋಗುತ್ತಿದ್ದ. ಹೆಚ್ಚುಕಡಿಮೆ ಒಂದು ವರ್ಷ ಹೀಗೇ ಎಳೆದಾಡಿದ್ದೇವೆ. ಆಮೇಲೆ ಶನಿವಾರ ಗಾಡಿ ಬಿಟ್ಟು ಸೋಮವಾರ ತಗೊಂಡು ಹೋಗುವವರು ಶುರುವಾದರು. ಅದರಲ್ಲಿ ಜಾಸ್ತಿ ಟೀಚರುಗಳು, ನರ್ಸುಗಳು. ಗಾಡಿ ಬಗ್ಗೆ ಗೊತ್ತಿಲ್ಲ ಅಂತ ಎಲ್ಲ ಕಡೆ ಮೋಸ ಹೋಗಿದ್ದವರು ಒಬ್ಬರಿಗೊಬ್ಬರು ಹೇಳಿ ಬಂದರು. ಈಗ ತಿಂಗಳಿಗೆ 45ರ ಆಸುಪಾಸು ಉಳಿಯುತ್ತದೆ. ಓಲೆ ವಾಪಸ್ ಬಂತು, ಜೊತೆಗೆ ಒಂದು ಸಣ್ಣ ಉಂಗುರವೂ ಬಂತು ಅನ್ನಿ.

ಕುಡಿತದ ವಿಷಯ. ನಮ್ಮ ಲೈನಿನಲ್ಲಿ ಸಂಜೆ ಏನು ಅಂತ ಗೊತ್ತಲ್ಲ. ಪ್ರತಿಜ್ಞೆ ಮಾಡಿದರೂ ಕುಡಿತ ನಿಲ್ಲಲಿಲ್ಲ, ಬೇರೆ ರಸ್ತೆಯಲ್ಲಿ ಮನೆಗೆ ಹೋದರೂ ನಿಲ್ಲಲಿಲ್ಲ, ಆ ರಸ್ತೆಯಲ್ಲೂ ಒಂದು ಬಾರ್ ಇತ್ತು. ಕೆಲಸ ಮಾಡಿದ್ದು ಫೋನ್‌ಪೇ. ಗ್ಯಾರೇಜಿನ ಕ್ಯೂಆರ್ ಕೋಡ್ ಹೆಂಡತಿಯ ಖಾತೆಗೆ ಹಾಕಿಸಿಬಿಟ್ಟೆ. ಜೇಬಲ್ಲಿ ದುಡ್ಡೇ ಇಲ್ಲ ಅಂದರೆ ಯಾವ ಗೆಳೆಯ ಎಷ್ಟು ದಿನ ಕುಡಿಸುತ್ತಾನೆ? ಮೆಕ್ಕೆಜೋಳ ಮಾರುವ ಸೀಸನ್ನಿನಲ್ಲಿ ಮಾತ್ರ ಜಗಳೂರು, ಮಾಯಕೊಂಡದ ಕಡೆಯವರು ನೋಟೇ ಕೊಡುತ್ತಾರೆ. ಆ ಎರಡು ತಿಂಗಳು ಗಲ್ಲಾ ಕೀಲಿ ದೊಡ್ಡ ಹುಡುಗನ ಹತ್ತಿರ.

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು, ತಪಸ್ಸುಕಾಲ, ಬರುವುದು ಸರಿಯಾಗಿ ಬಿಸಿಲಿಗೆ. ತಗಡಿನ ಶೆಡ್ಡಿನ ಕೆಳಗೆ ನೀರೂ ಕುಡಿಯದೆ ಉಪವಾಸ ಮಾಡಿ ನೋಡಿದೆ. ಮಧ್ಯಾಹ್ನ ಎರಡಕ್ಕೆಲ್ಲ ತಲೆ ಸುತ್ತಿ, ಹುಡುಗನಿಗೆ ಬಾಯಿಗೆ ಬಂದಂತೆ ಬೈದೆ. ಇದೆಂಥ ಉಪವಾಸ ಅಲ್ವಾ? ನೀರು ಬಿಡಿ ಅಂತ ಚರ್ಚ್ ಹೇಳಲ್ಲ, ಅದು ನನ್ನದೇ ಜೋಶ್. ಈಗ ಶುಕ್ರವಾರ ಮಧ್ಯಾಹ್ನ ಮಜ್ಜಿಗೆ ಮಾತ್ರ, ಅದರ ಜೊತೆ ಬೈಗುಳದ ಡಬ್ಬಿ. ಒಂದು ಬೈಗುಳಕ್ಕೆ ಹತ್ತು ರೂಪಾಯಿ, ಲೆಕ್ಕ ಇಡುವವರು ಹುಡುಗರು. ಮೊದಲ ವರ್ಷ ಏಳುನೂರೋ ಎಂಟುನೂರೋ ಆಯಿತು. ಆ ದುಡ್ಡಲ್ಲಿ ಅವರಿಗೆ ಮಂಡಕ್ಕಿ ಮಿರ್ಚಿ ಅಂತ ಮೊದಲೇ ಹೇಳಿದ್ದು ಕೆಲಸ ಕೆಡಿಸಿತು. ಬೇಕಂತಲೇ ಸ್ಪ್ಯಾನರ್ ಬಚ್ಚಿಟ್ಟು ನನ್ನನ್ನು ಕೆರಳಿಸುತ್ತಿದ್ದರು. ಈಗ ಡಬ್ಬಿ ಚರ್ಚಿಗೆ. ಹೋದ ವರ್ಷ ನೂರೂ ದಾಟಲಿಲ್ಲ.

ಆಯುಧ ಪೂಜೆ ಬಗ್ಗೆ ತುಂಬ ಜನ ಕೇಳುತ್ತಾರೆ. ಹುಡುಗರು ಇಬ್ಬರೂ ಹಿಂದೂಗಳು. ಅವರ ಟೂಲ್ ಬಾಕ್ಸಿಗೆ ಅವರು ಪೂಜೆ ಮಾಡುತ್ತಾರೆ, ಬೂದುಗುಂಬಳ ಒಡೆಯುತ್ತಾರೆ. ನಾನು ಹಿಂದಿನ ದಿನವೇ ಶೆಡ್ ತೊಳೆಸಿ, ಬಟ್ಟೆ, ಬೋನಸ್ ಕೊಟ್ಟು ಪಕ್ಕಕ್ಕೆ ನಿಲ್ಲುತ್ತೇನೆ. ಚರ್ಚಿನ ಕೆಲವರಿಗೆ ಇದು ಹಿಡಿಸಲಿಲ್ಲ. ಇಷ್ಟ ಇಲ್ಲದವರು ಬೇರೆ ಕಡೆ ಸರ್ವಿಸ್ ಮಾಡಿಸಲಿ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಗೂ ಕರೆಯುತ್ತಾರೆ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 10ನೇ ಅಧ್ಯಾಯ, ಬಡಿಸಿದ್ದನ್ನು ವಿಚಾರಿಸದೆ ಊಟ ಮಾಡಿ ಅಂತ 27ನೇ ವಚನ ನೋಡಿ ಖುಷಿಯಾಗಿತ್ತು. ಇದು ದೇವರಿಗೆ ಬಲಿ ಕೊಟ್ಟದ್ದು ಅಂತ ಯಾರಾದರೂ ಹೇಳಿದರೆ ತಿನ್ನಬೇಡಿ ಅನ್ನುವ 28 ಓದಿದ ಮೇಲೆ ಪ್ಲೇಟ್ ಕೆಳಗಿಟ್ಟೆ. ಈಗ ಹೋಗುತ್ತೇನೆ, ಎಲ್ಲರನ್ನೂ ಮಾತಾಡಿಸಿ, ಹೋಳಿಗೆ ತಿಂದು ಬರುತ್ತೇನೆ.

ಶತ್ರುವನ್ನು ಪ್ರೀತಿಸು ಅನ್ನುವುದು ನನಗೆ ಎದುರು ಸಾಲಿನಲ್ಲೇ ಬಂದು ಕೂತಿತು. ನನ್ನ ಹತ್ತಿರ ಕೆಲಸ ಕಲಿತ ಹುಡುಗ, ನನ್ನ ಗಿರಾಕಿಗಳ ನಂಬರ್ ಸಮೇತ ಹೋಗಿ ಅಲ್ಲೇ ಬೋರ್ಡ್ ಹಾಕಿದ. ಅವನಿಗಾಗಿ ಪ್ರಾರ್ಥನೆ ಮಾಡಲು ಕೂತರೆ ಹೊಟ್ಟೆ ಉರಿಯೇ ಜಾಸ್ತಿಯಾಗುತ್ತಿತ್ತು, ಬಿಟ್ಟುಬಿಟ್ಟೆ. ಬದಲಿಗೆ ಅವನಿಗೆ ಇಂಜಿನ್ನಿನ ಮ್ಯಾಗ್ನೆಟ್ ಬಿಚ್ಚುವ ಪುಲ್ಲರ್ ಬೇಕಾದಾಗ ಕೊಟ್ಟೆ, ಅಷ್ಟೇ. ಹಾಗೇ ವರ್ಷಗಟ್ಟಲೆ ಟೂಲ್ ಹೋಗೋದು, ಬರೋದು. 2020ರಲ್ಲಿ ಮಾರ್ಚ್ ಕೊನೆಗೆ ಲಾಕ್‌ಡೌನ್, ಏಪ್ರಿಲ್ 1ರಿಂದ ಹೊಸ ಗಾಡಿಗಳ ಹೊಗೆಗೆ ಬಿಎಸ್ 6 ಅನ್ನುವ ಕಟ್ಟುನಿಟ್ಟಿನ ನಿಯಮ. ಇಂಜಿನ್ನಿಗೆ ಪೆಟ್ರೋಲ್ ಕೊಡುವ ಕಾರ್ಬೊರೇಟರ್ ಹೋಗಿ ಎಲೆಕ್ಟ್ರಾನಿಕ್ ಇಂಜೆಕ್ಷನ್ ಬಂತು, ನನ್ನ ಕೈ ಕಟ್ಟಿದಂತಾಯಿತು. ಅವನಿಗೆ ಅದು ಬರುತ್ತಿತ್ತು, ಆದರೆ ಅದರ ದೋಷ ಓದುವ ಸ್ಕ್ಯಾನರ್ ತಗೊಳ್ಳಲು ದುಡ್ಡು ಇರಲಿಲ್ಲ. ನಾನು ಮುಕ್ಕಾಲು ಹಾಕಿದೆ, ಅವನು ಕಾಲು, ಒಟ್ಟು ಇಪ್ಪತ್ತು ಸಾವಿರದ ಹತ್ತಿರ ಹತ್ತಿರ. ಅವನ ಪಾಲಿನ ಎರಡು ಸಾವಿರ ಇವತ್ತಿಗೂ ಬಾಕಿ. ಕೇಬಲ್ ಪಿನ್ ಮುರಿದದ್ದು ಯಾರು ಅನ್ನುವ ಜಗಳವೂ ಬಾಕಿ. ಆದರೆ ಇಂಜೆಕ್ಷನ್ ಕಲಿಸಿದ್ದು ಅವನೇ, ಒಂದು ಪೈಸೆ ಕೇಳಲಿಲ್ಲ.

ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯ ಮಾತೆ ಹಬ್ಬಕ್ಕೆ ಹೋಗುವವರಿಗೆ ಒಮ್ಮೆ ರಸ್ತೆ ಬದಿ ಪುಕ್ಕಟೆ ಪಂಚರ್ ಹಾಕಿದ್ದೆವು. ಎಲ್ಲರೂ "ಯಾವ ಪಾರ್ಟಿ ಅಣ್ಣ?" ಅಂತ ಕೇಳಿದ್ದೇ ಕೇಳಿದ್ದು. ಬ್ಯಾನರ್ ಇಲ್ಲ ಅಂದರೆ ಯಾರೂ ನಂಬಲ್ಲ. ಈಗ ಸುಮ್ನೆ ಗಾಳಿ ಪಂಪ್ ಇಟ್ಟು ಕೂರುತ್ತೇವೆ.

ಸದ್ಯಕ್ಕೆ ಪ್ರಯೋಗ ನಡೆಯುತ್ತಿರುವುದು ಉದ್ರಿ ಮೇಲೆ. ವಾಪಸ್ ಬರುತ್ತದೆ ಅಂತ ನೆಚ್ಚಿಕೊಳ್ಳದೆ ಸಾಲ ಕೊಡಿ ಅಂತ ಲೂಕನ ಶುಭಸಂದೇಶ 6:35ರಲ್ಲಿದೆ. ನಾನು ತಲೆಗೆ ಐನೂರು ಮಿತಿ ಹಾಕಿಕೊಂಡೆ, ಈಸ್ಟರ್ ಹಿಂದಿನ ದಿನ ಬಾಕಿ ಪುಟ ಹರಿದುಹಾಕುವುದು ಅಂತ ಇಟ್ಟುಕೊಂಡೆ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯೇ ಮರಳಿ ಬಂತು. ಹರಿದುಹಾಕಿದ್ದು ಮೂರು ಸಾವಿರದ ಚಿಲ್ಲರೆ. ಯಾರಿಗೆ ಕೊಡಬೇಕು, ಯಾರಿಗೆ ಬೇಡ ಅಂತ ಗುರುತು ಹಿಡಿಯುವ ರೀತಿಯೊಂದಿದೆ, ಅದು ಬರೆದು ಹೇಳುವಂಥದ್ದಲ್ಲ. ಈ ವರ್ಷ ಮಿತಿ ಸಾವಿರಕ್ಕೆ ಏರಿಸಿದ್ದೇನೆ. ಹರಿಯುವ ಪುಟ ಐದು ಸಾವಿರ ದಾಟಿದರೆ ಕ್ಯೂಆರ್ ಕೋಡಿನ ಜೊತೆ ಗ್ಯಾರೇಜ್ ಕೀಲಿಯನ್ನೂ ತಾನೇ ಇಟ್ಟುಕೊಳ್ಳುತ್ತಾಳಂತೆ ನನ್ನ ಹೆಂಡತಿ.