ಕುದುರೆಗೆ ಜ್ವರವೇ? ಗೊರಸನ್ನೂ ನೋಡಿಕೊಳ್ಳಿ

ಕುದುರೆ ಮೇವು ಬಿಟ್ಟು ತಲೆ ತಗ್ಗಿಸಿ ನಿಂತರೆ ಎಲ್ಲರೂ ಜ್ವರ ಇಳಿಸುವ ಯೋಚನೆಗೇ ಬೀಳುತ್ತಾರೆ. ಆದರೆ ಬ್ಯಾಕ್ಟೀರಿಯಾದ ತೀವ್ರ ಸೋಂಕಿನಲ್ಲಿ ಎಷ್ಟೋ ಸಲ ಜ್ವರದಿಂದ ಪಾರಾದ ಕುದುರೆ ಕಾಲು ಕಳೆದುಕೊಳ್ಳುತ್ತದೆ. ಕಾರಣ, ಲ್ಯಾಮಿನೈಟಿಸ್ ಎಂಬ ಗೊರಸಿನ ಒಳಗಿನ ಕಾಯಿಲೆ.

ಗೊರಸಿನ ಗಟ್ಟಿ ಗೋಡೆಗೆ ಒಳಗಿನ ಪಾದದ ಮೂಳೆಯನ್ನು ಹಿಡಿದಿಟ್ಟಿರುವುದು ಒಂದರೊಳಗೊಂದು ಹೆಣೆದುಕೊಂಡ ನವಿರಾದ ಪದರಗಳು. ಕರುಳಲ್ಲೋ ಶ್ವಾಸಕೋಶದಲ್ಲೋ ಗರ್ಭಕೋಶದಲ್ಲೋ ಸೋಂಕು ಜೋರಾಗಿ, ಅದರ ವಿಷ ರಕ್ತಕ್ಕೆ ಸೇರಿದರೆ ಈ ಪದರಗಳ ಹಿಡಿತ ಸಡಿಲವಾಗುತ್ತದೆ. ಆಮೇಲೆ ಮೈಭಾರಕ್ಕೆ ಮೂಳೆ ತಿರುಗುತ್ತದೆ, ಇಲ್ಲವೇ ಕುಸಿಯುತ್ತದೆ.

ಎಲ್ಲ ಜ್ವರಕ್ಕೂ ಇಷ್ಟು ಹೆದರಬೇಕಿಲ್ಲ. ಜ್ವರದ ಜತೆ ಭೇದಿ, ನ್ಯುಮೋನಿಯಾ, ಮರಿ ಹಾಕಿ 3 ಗಂಟೆ ಕಳೆದರೂ ಬೀಳದ ಮಾಸು, ಇವುಗಳಲ್ಲಿ ಯಾವುದಿದ್ದರೂ ಎಚ್ಚರ ಬೇಕು. ಅಮೆರಿಕದಲ್ಲಿ 1979ರಲ್ಲಿ ಪೊಟೋಮ್ಯಾಕ್ ನದಿಯ ಆಸುಪಾಸಿನಲ್ಲಿ ಗುರುತಿಸಿದ ಪೊಟೋಮ್ಯಾಕ್ ಜ್ವರ ಇದಕ್ಕೆ ಕುಖ್ಯಾತ. ನೀರಿನಲ್ಲಿ ಹುಟ್ಟಿ ಬೆಳೆಯುವ ಕೀಟಗಳನ್ನು ಕುದುರೆ ಮೇವಿನೊಂದಿಗೆ ನುಂಗಿದಾಗ ಇದು ತಗಲುತ್ತದೆ. ಆ ಭಾಗದವರು ರಾತ್ರಿ ಲಾಯದ ದೀಪ ಆರಿಸುವುದೂ ಇದಕ್ಕೇ: ಬೆಳಕಿಲ್ಲದಿದ್ದರೆ ಹುಳು ಬರುವುದಿಲ್ಲ.

ಮೊದಲು ಜ್ವರ ಅಳೆಯಿರಿ. ಥರ್ಮಾಮೀಟರಿಗೆ ದಾರ ಕಟ್ಟಿ, ತುದಿಗೆ ಜೆಲ್ಲಿ ಸವರಿ, ಕುದುರೆಯ ಹಿಂದೆ ನಿಲ್ಲದೆ ಪಕ್ಕದಲ್ಲಿ ನಿಂತು ಗುದದ್ವಾರದಲ್ಲಿಡಿ. ಆರಾಮವಾಗಿರುವ ದೊಡ್ಡ ಕುದುರೆಗೆ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸಹಜ. ನಾಡಿ ನಿಮಿಷಕ್ಕೆ 28ರಿಂದ 44. ಎರಡನ್ನೂ ಹೊತ್ತಿನ ಸಮೇತ ಬರೆದಿಡಿ.

ಪಶುವೈದ್ಯರಿಗೆ ಫೋನ್ ಮಾಡಿ. ವಸಡು ಕೆಂಪಗೆ ಅಥವಾ ನೇರಳೆಗೆ ತಿರುಗಿದ್ದರೆ ತಡಮಾಡಲೇಬೇಡಿ. ಮನೆಯಲ್ಲಿ ಉಳಿದಿರುವ ನೋವಿನ ಔಷಧ, ಆ್ಯಂಟಿಬಯಾಟಿಕ್ ಕೊಟ್ಟುಬಿಡುವ ಚಪಲ ಹಲವರಿಗಿದೆ. ಭೇದಿಯಿಂದ ನೀರಿನಂಶ ಕಳೆದುಕೊಂಡ ಕುದುರೆಗೆ ನೋವಿನ ಔಷಧ ಮೂತ್ರಪಿಂಡಕ್ಕೇ ಕುತ್ತು. ತಪ್ಪು ಆ್ಯಂಟಿಬಯಾಟಿಕ್ ಕೊಟ್ಟರೆ ಕರುಳು ಇನ್ನಷ್ಟು ಕೆಡುತ್ತದೆ.

ಕಾಲಿನ ನಾಡಿ ಹಿಡಿಯಿರಿ. ಗೊರಸಿನ ಮೇಲೆ ಮೊದಲು ಸಿಗುವ ಗೆಣ್ಣಿನ ಹಿಂಬದಿಯಲ್ಲಿ, ಎರಡೂ ಪಕ್ಕಕ್ಕೆ ಬೆರಳ ತುದಿಯನ್ನು ಹಗುರವಾಗಿ ಆಡಿಸಿ. ಚರ್ಮದಡಿ ದಾರದಂಥದ್ದೊಂದು ಜಾರುತ್ತದೆ. ಅದರ ಮೇಲೆ ಬೆರಳಿಟ್ಟು ಕಾಯಿರಿ. ಒತ್ತಿದರೆ ನಾಡಿ ಸಿಗುವುದಿಲ್ಲ. ಆರೋಗ್ಯವಾದ ಕುದುರೆಯಲ್ಲಿ ಇದು ಸಿಕ್ಕೂ ಸಿಗದಂತಿರುತ್ತದೆ. ಬೆರಳಿಗೆ ಟಕ್ ಟಕ್ ಎಂದು ಬಡಿದರೆ ಅಪಾಯದ ಸೂಚನೆ. ಕುದುರೆ ಚೆನ್ನಾಗಿರುವಾಗಲೇ ಇದನ್ನು ಅಭ್ಯಾಸ ಮಾಡಿಟ್ಟುಕೊಳ್ಳದಿದ್ದರೆ ವ್ಯತ್ಯಾಸ ತಿಳಿಯುವುದಾದರೂ ಹೇಗೆ? ಗೊರಸು ಮುಟ್ಟಿ ಬಿಸಿ ನೋಡುವುದನ್ನಷ್ಟೇ ನಂಬಬೇಡಿ. ಆ ಬಿಸಿ ದಿನವಿಡೀ ಏರಿಳಿಯುತ್ತಿರುತ್ತದೆ.

ಕುಂಟುವ ಮೊದಲೇ ಐಸ್ ಇಡಿ. ಇಡೀ ಆರೈಕೆಯಲ್ಲಿ ನನ್ನ ಪ್ರಕಾರ ಅತಿ ಮುಖ್ಯವಾದದ್ದು ಇದೇ, ಜನ ಮುಂದೂಡುವುದೂ ಇದನ್ನೇ. ಕುಂಟು ಕಾಣಿಸುವ ಹೊತ್ತಿಗೆ ಪದರಗಳಿಗೆ ಪೆಟ್ಟು ಬಿದ್ದಾಗಿರುತ್ತದೆ. ಹಾಗಾಗಿ ಅಪಾಯವಿದೆ ಎಂದು ವೈದ್ಯರು ಹೇಳಿದ ಕೂಡಲೇ ಶುರುಮಾಡಿ. ಗೊರಸಿನಿಂದ ಮೊಣಕಾಲಿನ ಕೆಳಗಿನವರೆಗೆ ಬರುವ ಬೂಟು ಅಥವಾ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಐಸ್ ಮತ್ತು ನೀರು ಎರಡನ್ನೂ ತುಂಬಿ. ನೀರಿದ್ದರೇ ತಂಪು ಗೊರಸಿನ ಸುತ್ತಲೂ ತಗಲುವುದು. ಗೊರಸಿನ ಮೇಲ್ಮೈ 10 ಡಿಗ್ರಿಗಿಂತ ಕೆಳಗಿರಬೇಕು. ಪೈಪಿನಲ್ಲಿ ನೀರು ಬಿಟ್ಟರೆ ಅಷ್ಟು ತಂಪಾಗದು. ಮುಂಗಾಲುಗಳು ಮೊದಲು, ಸಾಧ್ಯವಾದರೆ ನಾಲ್ಕೂ. ಬಿಟ್ಟು ಬಿಟ್ಟು ಮಾಡಿದರೆ ಪ್ರಯೋಜನ ಕಡಿಮೆ. ಸಾಮಾನ್ಯವಾಗಿ 2–3 ದಿನ, ಹಗಲು ರಾತ್ರಿ ಎನ್ನದೆ ಐಸ್ ತುಂಬುತ್ತಿರಬೇಕು. ಒಬ್ಬರಿಂದ ಆಗುವ ಕೆಲಸವಲ್ಲ, ಪಾಳಿ ಹಾಕಿಕೊಳ್ಳಿ. ನಡುನಡುವೆ ಚರ್ಮ ಕೆಟ್ಟಿದೆಯೇ ಎಂದೂ ನೋಡಿ.

ನಡೆಸಬೇಡಿ. ದಪ್ಪನೆಯ ಮೆತ್ತನೆಯ ಹಾಸು ಹಾಕಿ, ಮಲಗಿದರೆ ಎಬ್ಬಿಸಬೇಡಿ. ಕಾಳು ಬಂದ್ ಮಾಡಿ, ಹುಲ್ಲು ನೀರು ಕೊಡಿ. ಮುಂಗಾಲು ಚಾಚಿ ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತರೆ, ತಿರುಗುವಾಗ ಮುಳ್ಳು ತುಳಿದಂತೆ ಹೆಜ್ಜೆಯಿಟ್ಟರೆ, ಎಕ್ಸ್‌ರೇ ತೆಗೆಸಿ ಮೂಳೆ ಸರಿದಿದೆಯೇ ಎಂದು ನೋಡಲೇಬೇಕು. ಲಾಳ ಕಟ್ಟುವವರಿಗೂ ಆ ಚಿತ್ರ ತೋರಿಸಿ. ಮುಂದೆ ಗೊರಸನ್ನು ಎಲ್ಲಿ ಎಷ್ಟು ಕತ್ತರಿಸಬೇಕೆಂದು ಅವರು ವೈದ್ಯರೊಡನೆ ಕೂತು ತೀರ್ಮಾನಿಸಲಿ. ಅಲ್ಲಿಯವರೆಗೆ, ಥರ್ಮಾಮೀಟರು 38 ತೋರಿಸಿತೆಂದು ಸವಾರಿಗೆ ಇಳಿಸಬೇಡಿ.