25 ನಿಮಿಷಕ್ಕೊಂದು ಕಾಫಿ ಬೀಜ

ಚಿಕ್ಕಮಗಳೂರಿನ ನಮ್ಮ ಮನೆಯ ಊಟದ ಮೇಜೇ ನನ್ನ ಕಚೇರಿ. ಮೂರು ಕಾಫಿ ತೋಟಗಳ ಹಾಜರಿ, ಬಟವಾಡೆ ಲೆಕ್ಕ ಬರೆಯುತ್ತೇನೆ. ಡಿಸೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಬಿರುಸಾದರೆ, ಯಾರು ಎಷ್ಟು ಕಿಲೋ ಹಣ್ಣು ಕೊಯ್ದರೆಂಬ ಚೀಟಿಗಳು ರಾಶಿ ಬೀಳುತ್ತವೆ. ಮೊದಲೆಲ್ಲ ಬೆಳಿಗ್ಗೆ ಕುಳಿತರೆ ಊಟದವರೆಗೆ ಏಳುತ್ತಿರಲಿಲ್ಲ. ಹನ್ನೊಂದರ ಹೊತ್ತಿಗೆ 36 ಇದ್ದದ್ದನ್ನು 63 ಎಂದು ಬರೆದು, ಅದನ್ನು ಹುಡುಕುವುದರಲ್ಲೇ ಮಧ್ಯಾಹ್ನ ಕಳೆಯುತ್ತಿತ್ತು.

ಈಗ 25 ನಿಮಿಷ ಕೆಲಸ, 5 ನಿಮಿಷ ಬಿಡುವು. ನಾಲ್ಕು ಸುತ್ತು ಮುಗಿದರೆ ಅರ್ಧ ಗಂಟೆ ವಿರಾಮ. ಇದೇನು ನನ್ನ ಬುದ್ಧಿವಂತಿಕೆಯಲ್ಲ. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ, ಓದಲು ಕುಳಿತರೆ ಮನಸ್ಸು ನಿಲ್ಲದೆ, ಅಡುಗೆಮನೆಯ ಟೊಮೆಟೊ ಆಕಾರದ ಟೈಮರನ್ನು ಎದುರಿಗಿಟ್ಟುಕೊಂಡರು. ಅವರ ಭಾಷೆಯಲ್ಲಿ ಟೊಮೆಟೊ ಎಂದರೆ ಪೊಮೊಡೊರೊ. ಪದ್ಧತಿಗೂ ಅದೇ ಹೆಸರು.

ಮೊಬೈಲಿನಲ್ಲಿ ಮಾತ್ರ ಸಮಯ ಹೊಂದಿಸಬೇಡಿ. ಅದಕ್ಕೆಂದು ಕೈಗೆತ್ತಿಕೊಂಡು, ವಾಟ್ಸಾಪ್‌ನಲ್ಲಿ ಯಾರದೋ ಮದುವೆಯ ಫೋಟೊ ನೋಡುತ್ತಾ ಕಾಲು ಗಂಟೆ ಕಳೆದವಳು ನಾನು. ತಿರುಗಿಸಿ ಇಡುವ ಟೈಮರ್ ಸಾಕು, ಮಳೆಗಾಲದಲ್ಲಿ ಕರೆಂಟ್ ಹೋದರೂ ಅದು ನಿಲ್ಲುವುದಿಲ್ಲ.

ಪ್ರತಿ ಸುತ್ತಿಗೂ ಒಂದೇ ಕೆಲಸ. ‘ಲೆಕ್ಕ ಮುಗಿಸುವುದು’ ಎಂದುಕೊಂಡರೆ ಏನೂ ಮುಗಿಯದು. ‘ಎರಡನೇ ವಾರದ ಚೀಟಿಗಳನ್ನು ಪುಸ್ತಕಕ್ಕೆ ಇಳಿಸುವುದು’ ಎನ್ನಿ. ನಡುವೆ ಗ್ಯಾಸ್ ಬುಕ್ ಮಾಡುವುದು ನೆನಪಾಯಿತೇ? ಪಕ್ಕದ ಕಾಗದದಲ್ಲಿ ‘ಗ್ಯಾಸ್’ ಎಂದು ಗೀಚಿ ಮುಂದುವರಿಯಿರಿ. ತೋಟದ ಉಸ್ತುವಾರಿ ನೋಡುವ ರೈಟರ್ ಫೋನ್ ಮಾಡಿದರೆ ‘ಆಮೇಲೆ ನಾನೇ ಮಾಡುತ್ತೇನೆ’ ಎಂದು ಇಟ್ಟುಬಿಡಿ. ಅರ್ಧಕ್ಕೆ ಎದ್ದ ಸುತ್ತು ಲೆಕ್ಕಕ್ಕಿಲ್ಲ ಎಂಬುದು ಸಿರಿಲ್ಲೊ ಅವರ ಕಟ್ಟುನಿಟ್ಟು. ಪೂರ್ತಿಯಾದ ಸುತ್ತಿಗೆ ನಾನು ತಟ್ಟೆಗೊಂದು ಹುರಿದ ಬೀಜ ಹಾಕುತ್ತೇನೆ. ಒಮ್ಮೆ 17 ನಿಮಿಷಕ್ಕೇ ಎದ್ದು, ಅರ್ಧ ಬೀಜವಾದರೂ ಹಾಕೋಣವೆಂದು ಒಡೆದೆ. ನಾಚಿಕೆಯಾಗಿ ಎರಡು ಹೋಳನ್ನೂ ಅಗಿದು ನುಂಗಿದೆ.

ಕಷ್ಟವಿರುವುದು ಕೆಲಸದಲ್ಲಲ್ಲ, ಬಿಡುವಿನಲ್ಲಿ. ಗಂಟೆ ಹೊಡೆದಾಗ ಕೂಡುವ ಸಾಲು ಅರ್ಧಕ್ಕೆ ನಿಂತಿರುತ್ತದೆ, ‘ಇದೊಂದು ಮುಗಿಸಿಬಿಡೋಣ’ ಎನಿಸುತ್ತದೆ. ನನ್ನ 63ಗಳೆಲ್ಲ ಹುಟ್ಟಿದ್ದು ಆ ‘ಇದೊಂದ’ರಲ್ಲೇ. ಪೆನ್ಸಿಲ್‌ನಿಂದ ಗುರುತು ಹಾಕಿ ಏಳಿ. ನಾನು ತಾರಸಿಗೆ ಹೋಗಿ ಮುಳ್ಳಯ್ಯನಗಿರಿಯ ಸಾಲನ್ನು ನೋಡುತ್ತೇನೆ. ಅಂಕಿ ನೋಡಿ ಸೋತ ಕಣ್ಣಿಗೆ ದೂರದ್ದು ಏನಾದರೂ ಬೇಕು. ಮಂಜು ಕವಿದಿದ್ದರೆ ಬಟ್ಟೆ ಮಡಚುತ್ತೇನೆ.

ನಾಲ್ಕನೇ ಸುತ್ತಿಗೆ ಕೂರುವ ಮೊದಲು ಫಿಲ್ಟರ್‌ಗೆ ಪುಡಿ ಹಾಕಿ ಕುದಿನೀರು ಹೊಯ್ದಿಡುತ್ತೇನೆ. ಗಂಟೆ ಹೊಡೆಯುವಷ್ಟರಲ್ಲಿ ಡಿಕಾಕ್ಷನ್ ಇಳಿದಿರುತ್ತದೆ. ಆ ಒಂದು ಸಲ ‘ಇದೊಂದು ಮುಗಿಸಿಬಿಡೋಣ’ ಎಂದು ನನಗೆ ಎಂದೂ ಅನ್ನಿಸಿಲ್ಲ.