ಪಾರ್ಶ್ವವಾಯುವಿನ ನಂತರ ಕೈಗೆ ವಿಆರ್ ವ್ಯಾಯಾಮ ಮಾಡಿಸುವ ಬಗೆ

ವಿಆರ್ (ವರ್ಚುವಲ್ ರಿಯಾಲಿಟಿ) ಅಂದರೆ ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡು ಅದರಲ್ಲಿ ಕಾಣುವ ಕೃತಕ ಲೋಕದಲ್ಲಿ ಆಟ ಆಡುವುದು. ಇದು ಮಾಮೂಲಿ ಫಿಸಿಯೋಥೆರಪಿಗೆ ಬದಲಿಯಲ್ಲ, ಅದರ ಜೊತೆಗೆ ಸೇರಿಸಬೇಕಾದದ್ದು. ಫಿಟ್ಸ್ ಬಂದಿದ್ದವರಿಗೆ, ಬಿಪಿ ಹತೋಟಿಯಲ್ಲಿಲ್ಲದವರಿಗೆ ವೈದ್ಯರನ್ನು ಕೇಳದೆ ಹೆಡ್‌ಸೆಟ್ ಹಾಕಲೇಬೇಡಿ.

ಚಕ್ರವಿಲ್ಲದ ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ಎರಡೂ ಪಾದ ನೆಲಕ್ಕೆ ಊರಿರಲಿ. ನೀವು ಶಕ್ತಿ ಕುಂದಿದ ಬದಿಯಲ್ಲೇ ನಿಲ್ಲಿ. ಲೆನ್ಸ್‌ಗಳ ಅಂತರವನ್ನು ಕಣ್ಣಿಗೆ ಹೊಂದಿಸಿ. ದೃಶ್ಯ ಮಸುಕಾಗಿದ್ದರೆ ಕಣ್ಣು ಬೇಗ ದಣಿಯುತ್ತದೆ. ಓಡುವ, ಹಾರುವ ಆಟಗಳು ಬೇಡ: ದೇಹ ಕೂತಿದ್ದು ಕಣ್ಣು ಮಾತ್ರ ಚಲನೆ ಕಂಡರೆ ವಾಕರಿಕೆ ಬರುತ್ತದೆ. ಮೊದಲ ದಿನ 5-10 ನಿಮಿಷ ಸಾಕು. ಒಗ್ಗಿದಂತೆ 20-30ಕ್ಕೆ ಏರಿಸಿ.

ಬೆರಳು ಬಿಗಿದುಕೊಂಡ ಕೈಯನ್ನು ಹೆಡ್‌ಸೆಟ್‌ನ ಕ್ಯಾಮೆರಾ ಸರಿಯಾಗಿ ಗುರುತಿಸದಿರಬಹುದು. ಆಗ ಕಂಟ್ರೋಲರನ್ನು (ಆಟ ಆಡಲು ಕೈಯಲ್ಲಿ ಹಿಡಿಯುವ ಸಾಧನ) ಅಗಲ ವೆಲ್ಕ್ರೋ ಪಟ್ಟಿಯಿಂದ ಅಂಗೈಗೆ ಸುತ್ತಿ, ರಕ್ತ ಓಡಾಟಕ್ಕೆ ತಡೆಯಾಗದಷ್ಟು ಸಡಿಲವಾಗಿ.

ಹೆಚ್ಚು ಕೆಡುವುದು ಇಲ್ಲಿ: ಮೊಣಕೈ ಚಾಚಲಾಗದ ರೋಗಿ ಸೊಂಟದಿಂದ ಬಾಗಿ, ಭುಜ ಎತ್ತಿ ಆಟದಲ್ಲಿ ಕಾಣುವ ಗುರಿ ಮುಟ್ಟುತ್ತಾರೆ. ಬಹಳಷ್ಟು ಆಟಗಳು ಅದಕ್ಕೂ ಅಂಕ ಕೊಡುತ್ತವೆ. ತಪ್ಪು ಚಲನೆಯೇ ರೂಢಿಯಾಗುತ್ತದೆ. ಆದ್ದರಿಂದ ಅಂಕ ನೋಡಬೇಡಿ, ಬೆನ್ನು ನೋಡಿ. ಬೆನ್ನು ಕುರ್ಚಿ ಬಿಟ್ಟರೆ ಗುರಿಯನ್ನು ಹತ್ತಿರಕ್ಕೆ, ಕೆಳಕ್ಕೆ ತನ್ನಿ. ಭುಜದ ಕೀಲು ಜಾರಿದ್ದರೆ ಕೈ ಹಿಡಿದು ಎಳೆಯದೆ ಮೊಣಕೈ ಕೆಳಗೆ ಆಸರೆ ಕೊಡಿ.

ಎಡಬದಿಯನ್ನೇ ಗಮನಿಸದವರಿಗೆ ಗುರಿಗಳನ್ನು ಬಲದಿಂದ ನಡುವಿಗೆ, ಆಮೇಲೆ ಎಡಕ್ಕೆ ನಿಧಾನವಾಗಿ ಸರಿಸಿ.

ತಲೆನೋವು, ಬೆವರು, ಭುಜನೋವು ಕಂಡ ಕೂಡಲೇ ನಿಲ್ಲಿಸಿ. ಹೆಡ್‌ಸೆಟ್ ತೆಗೆದ ಮೇಲೆ ಐದು ನಿಮಿಷ ಏಳಿಸಬೇಡಿ; ಕೂತಲ್ಲೇ ನಿಜವಾದ ಲೋಟ ಎತ್ತಿಡಿಸಿ.